ಸರ್ಕಾರಿ ಪಿಯು ಕಾಲೇಜಿನಿಂದ ಎಂಬಿಬಿಎಸ್‌ಗೆ: ನನ್ನ ಮಕ್ಕಳಿಗೆ ನಾನು ಹೇಳುವುದು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಕಾಲೇಜು ಶುರುವಾಗುವವರೆಗೆ ಒಂದಿಷ್ಟು ವಾರ ಖಾಲಿ ಸಿಗುತ್ತವೆ. ಡಾಕ್ಟರ್ ಆಗಬೇಕು ಅನ್ನುವ ಮಕ್ಕಳು, ಅದರಲ್ಲೂ ಹತ್ತನೇ ತರಗತಿವರೆಗೆ ಕನ್ನಡದಲ್ಲೇ ಓದಿದವರು, ಈ ವಾರಗಳನ್ನು ಬಿಡಬಾರದು. ನಾನು ಕೊಪ್ಪಳ ಜಿಲ್ಲೆಯ ಒಂದು ಸರ್ಕಾರಿ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. "ಮೇಡಂ, ಡಾಕ್ಟರ್ ಆಗ್ಬೇಕಂದ್ರ ಏನ್ ಮಾಡ್ಬೇಕ್ರಿ?" ಅಂತ ಕೇಳಿಕೊಂಡು ಬರುವವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಪಿಯುಸಿ ವಿಜ್ಞಾನದ ಪಾಠ ಇಂಗ್ಲಿಷಿನಲ್ಲಿ, ಹಾಗಾಗಿ ಮೊದಲ ಕೆಲಸ ಇಂಗ್ಲಿಷ್. ಮಾತಾಡುವ ಇಂಗ್ಲಿಷ್ ಅಲ್ಲ, ಪುಸ್ತಕದ ಇಂಗ್ಲಿಷ್. ಹತ್ತನೇ ತರಗತಿಯ ವಿಜ್ಞಾನ ಪುಸ್ತಕದ ಇಂಗ್ಲಿಷ್ ಪ್ರತಿ ತೆಗೆದುಕೊಳ್ಳಿ. ಕನ್ನಡದ್ದು ಪಕ್ಕದಲ್ಲಿರಲಿ. ವಿಷಯ ನಿಮಗೆ ಗೊತ್ತಿರುವುದೇ, ಹಾಗಾಗಿ ಭಯ ಆಗುವುದಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಪದಗಳನ್ನು ಜೋಡಿಸಿ ಬರೆಯುತ್ತಾ ಹೋಗಿ. ಮೇದೋಜೀರಕಕ್ಕೆ ಪ್ಯಾಂಕ್ರಿಯಾಸ್, ವಪೆಗೆ ಡಯಾಫ್ರಮ್, ಹೀಗೆ. ಜೂನ್ ಹೊತ್ತಿಗೆ ಈ ನೋಟ್‌ಬುಕ್ ತಯಾರಿದ್ದರೆ ಪಾಠ ಕೇಳುವಾಗ ತಲೆ ಪಾಠದ ಕಡೆಗಿರುತ್ತದೆ.

ಕಾಂಬಿನೇಷನ್, ಅಂದರೆ ಪಿಯುಸಿಯಲ್ಲಿ ಯಾವ ವಿಷಯಗಳನ್ನು ಆರಿಸಿಕೊಳ್ಳಬೇಕು ಅನ್ನುವ ವಿಚಾರ. ಮೆಡಿಕಲ್ ಸೀಟಿನ ಪ್ರವೇಶ ಪರೀಕ್ಷೆಯಾದ ನೀಟ್‌ಗೆ ಗಣಿತ ಬೇಕಿಲ್ಲ ನಿಜ. ಆದರೂ ಪಿಸಿಎಂಬಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ) ತೆಗೆದುಕೊಳ್ಳಿ ಅಂತಲೇ ನಾನು ಹೇಳುವುದು. ನಮ್ಮ ಕಡೆಯ ಮಕ್ಕಳು ಸೋಲುವುದು ಜೀವಶಾಸ್ತ್ರದಲ್ಲಿ ಅಲ್ಲ, ಭೌತಶಾಸ್ತ್ರದಲ್ಲಿ. ಅಲ್ಲಿ ತ್ರಿಕೋನಮಿತಿ, ವೆಕ್ಟರ್, ಲಾಗರಿದಮ್, ಸ್ವಲ್ಪ ಕ್ಯಾಲ್ಕುಲಸ್ ಇಲ್ಲದೆ ಲೆಕ್ಕ ಮುಂದೆ ಹೋಗುವುದಿಲ್ಲ. ಗಣಿತ ಬೇಡವೇ ಬೇಡ ಅನ್ನುವವರು ಇಷ್ಟನ್ನಾದರೂ ಮೊದಲ ಪಿಯುಸಿಯ ಶುರುವಿನಲ್ಲೇ ಯಾರ ಹತ್ತಿರವಾದರೂ ಕುಳಿತು ಕಲಿಯಿರಿ.

ಈಗ ಪರೀಕ್ಷೆ. 2025ರ ನೀಟ್‌ನಲ್ಲಿ 180 ಪ್ರಶ್ನೆ, 720 ಅಂಕ, ಮೂರು ಗಂಟೆ. ಭೌತಶಾಸ್ತ್ರ 45, ರಸಾಯನಶಾಸ್ತ್ರ 45, ಜೀವಶಾಸ್ತ್ರ 90. ಸರಿಯಾದರೆ 4 ಅಂಕ, ತಪ್ಪಾದರೆ 1 ಕಳೆಯುತ್ತಾರೆ. ಅಂದರೆ ಅರ್ಧ ಅಂಕ ಜೀವಶಾಸ್ತ್ರದಲ್ಲೇ ಇದೆ, ಅದಕ್ಕೆ ಎನ್‌ಸಿಇಆರ್‌ಟಿ ಪುಸ್ತಕವೇ ಆಧಾರ. ಗೈಡುಗಳನ್ನು ಗುಡ್ಡೆ ಹಾಕಬೇಡಿ. 2024ರ ಪರೀಕ್ಷೆಯಿಂದ ಪಠ್ಯಕ್ರಮ ಕಡಿಮೆಯಾಗಿದೆ. ಹಳೇ ಗೈಡಿನಲ್ಲಿ ಈಗ ಇಲ್ಲದ ಪಾಠಗಳೂ ಇರುತ್ತವೆ. ಅಧಿಕೃತ ಪಠ್ಯಕ್ರಮವನ್ನು ಪ್ರಿಂಟ್ ತೆಗೆಸಿ ಗೋಡೆಗೆ ಅಂಟಿಸಿ.

ಪುಸ್ತಕ ಓದುವುದು ಹೇಗೆ? ರಕ್ತ ಪರಿಚಲನೆಯ ಪಾಠವನ್ನೇ ನೋಡೋಣ. ಒಂದು ಬಡಿತಕ್ಕೆ ಹೃದಯದ ಪ್ರತಿ ವೆಂಟ್ರಿಕಲ್ (ಕೆಳಗಿನ ಕೋಣೆ) ಸುಮಾರು 70 ಮಿಲಿ ರಕ್ತ ಹೊರಗೆ ಕಳಿಸುತ್ತದೆ. ನಿಮಿಷಕ್ಕೆ ಸರಾಸರಿ 72 ಬಡಿತ. ಗುಣಿಸಿದರೆ 5040 ಮಿಲಿ, ಹತ್ತಿರ ಹತ್ತಿರ 5 ಲೀಟರ್. ಒಂದು ಬಡಿತದ ಚಕ್ರಕ್ಕೆ 0.8 ಸೆಕೆಂಡ್. ಈ ಅಂಕಿಗಳನ್ನು ಬಾಯಿಪಾಠ ಮಾಡುವ ಮೊದಲು ನಿಮ್ಮ ಮಣಿಕಟ್ಟಿನ ನಾಡಿ ಹಿಡಿದು ಎಣಿಸಿ. 60 ಸೆಕೆಂಡನ್ನು 72ರಿಂದ ಭಾಗಿಸಿದರೆ ಸುಮಾರು 0.8 ಹೇಗೆ ಬರುತ್ತದೆ ನೋಡಿ. ಮೆಟ್ಟಿಲು ಹತ್ತಿ ಬಂದು ಮತ್ತೆ ಎಣಿಸಿ. ಓಟಗಾರರ ಹೃದಯ ನಿಮಿಷಕ್ಕೆ ಇದಕ್ಕಿಂತ ಎಷ್ಟೋ ಜಾಸ್ತಿ ರಕ್ತ ಪಂಪ್ ಮಾಡುತ್ತದೆ ಅನ್ನುವ ಸಾಲು ಆಗ ತಾನಾಗಿಯೇ ಅರ್ಥವಾಗುತ್ತದೆ.

ಅದೇ ಪಾಠದ ಕೊನೆಯಲ್ಲಿ ಇನ್ನೊಂದು ವಿಷಯ ಬರುತ್ತದೆ. ಹಾರ್ಟ್ ಫೇಲ್ಯೂರ್, ಕಾರ್ಡಿಯಾಕ್ ಅರೆಸ್ಟ್, ಹಾರ್ಟ್ ಅಟ್ಯಾಕ್ ಮೂರೂ ಬೇರೆ ಬೇರೆ. ದೇಹಕ್ಕೆ ಬೇಕಾದಷ್ಟು ರಕ್ತ ಪಂಪ್ ಮಾಡಲು ಹೃದಯಕ್ಕೆ ಆಗದಿರುವುದು ಮೊದಲನೆಯದು. ಬಡಿತವೇ ನಿಲ್ಲುವುದು ಎರಡನೆಯದು. ರಕ್ತ ಸಾಲದೆ ಹೃದಯದ ಸ್ನಾಯುವಿಗೆ ದಿಢೀರನೆ ಪೆಟ್ಟಾಗುವುದು ಮೂರನೆಯದು. ಊರಲ್ಲಿ ಮೂರಕ್ಕೂ "ಹಾರ್ಟ್ ಆಯ್ತು" ಅಂದುಬಿಡುತ್ತಾರೆ. ಸಂಜೆ ಮನೆಗೆ ಹೋಗಿ ಅವ್ವನಿಗೋ ಅಜ್ಜನಿಗೋ ಈ ಮೂರರ ವ್ಯತ್ಯಾಸ ಕನ್ನಡದಲ್ಲಿ ಹೇಳಿ. ಅವರು ಮರುಪ್ರಶ್ನೆ ಕೇಳುತ್ತಾರೆ, ಖಂಡಿತ ಕೇಳುತ್ತಾರೆ. ಉತ್ತರ ಕೊಡಲು ತಡವರಿಸಿದರೆ ಆ ಪಾಠ ನಿಮಗೆ ಬಂದಿಲ್ಲ ಅಂತ ಅರ್ಥ. ಮತ್ತೆ ಓದಿ. ಇದು ಪರೀಕ್ಷೆಗೂ ತಯಾರಿ, ಡಾಕ್ಟರ್ ಆದ ಮೇಲೆ ದಿನಾ ಮಾಡಬೇಕಾದ ಕೆಲಸಕ್ಕೂ ತಯಾರಿ. ಓದಿದ್ದನ್ನು ಓದದವರಿಗೆ ಅರ್ಥವಾಗುವ ಹಾಗೆ ಹೇಳಲು ಬರದಿದ್ದರೆ ರೋಗಿ ಮಾತ್ರೆ ನುಂಗುವುದನ್ನು ಅರ್ಧಕ್ಕೇ ಬಿಡುತ್ತಾನೆ.

ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ. ಅದರ ಜೊತೆಗೆ ಇಂಗ್ಲಿಷೂ ಇರುತ್ತದೆ. ಎರಡರ ನಡುವೆ ವ್ಯತ್ಯಾಸ ಕಂಡರೆ ಇಂಗ್ಲಿಷಿನದ್ದೇ ಅಂತಿಮ. ಎರಡು ವರ್ಷ ಇಂಗ್ಲಿಷಿನಲ್ಲಿ ಓದಿದವರಿಗೆ ಇಂಗ್ಲಿಷ್ ಪತ್ರಿಕೆಯೇ ವೇಗ ಕೊಡುತ್ತದೆ ಅನ್ನುವುದು ನನ್ನ ಅನಿಸಿಕೆ. ಆಯ್ಕೆ ಮಾಡುವ ಮೊದಲು ಎರಡೂ ಬಗೆಯ ಹಳೇ ಪತ್ರಿಕೆ ಬಿಡಿಸಿ ನೋಡಿ.

ಪೂರ್ತಿ ಪತ್ರಿಕೆ ಬಿಡಿಸುವಾಗ ಮಧ್ಯಾಹ್ನ 2ರಿಂದ 5ರವರೆಗೆ ಕುಳಿತುಕೊಳ್ಳಿ. 2025ರಲ್ಲಿ ಪರೀಕ್ಷೆ ನಡೆದದ್ದು ಅದೇ ಹೊತ್ತಿನಲ್ಲಿ. ಮೇ ತಿಂಗಳ ನಮ್ಮ ಬಿಸಿಲು, ಊಟದ ನಂತರದ ನಿದ್ದೆ, ಎರಡೂ ಅಭ್ಯಾಸ ಆಗಬೇಕು. ಉತ್ತರದ ವೃತ್ತ ತುಂಬುವ ಓಎಂಆರ್ ಹಾಳೆಯನ್ನೂ ಪೆನ್ನಿನಲ್ಲೇ ತುಂಬಿ. ಊಹೆಯಿಂದ ಬರೆದ ಉತ್ತರಗಳಿಗೆ ಪ್ರಶ್ನೆಪತ್ರಿಕೆಯಲ್ಲಿ ಗುರುತು ಹಾಕಿಕೊಂಡು, ಅವುಗಳಿಂದ ಬಂದದ್ದೆಷ್ಟು, ಹೋದದ್ದೆಷ್ಟು ಅಂತ ಬೇರೆಯಾಗಿ ಲೆಕ್ಕ ಹಾಕಿ. ತಿಂಗಳೊಳಗೆ ನಿಮ್ಮ ಊಹೆಯನ್ನು ಎಷ್ಟು ನಂಬಬಹುದು ಅಂತ ನಿಮಗೇ ತಿಳಿಯುತ್ತದೆ.

ರಜೆಯಲ್ಲಿ ಒಮ್ಮೆ ನಿಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ (ಪಿಎಚ್‌ಸಿ) ಹೋಗಿ. ವೈದ್ಯಾಧಿಕಾರಿಯನ್ನು ಮೊದಲೇ ಕೇಳಿ, ಒಪ್ಪಿದರೆ ಒಂದು ಮೂಲೆಯಲ್ಲಿ ಸುಮ್ನೆ ಕುಳಿತು ನೋಡಿ. ಗರ್ಭಿಣಿಯರ ಬಿಪಿ ನೋಡುವುದು, ಲಸಿಕೆ ಹಾಕುವುದು, ಟಿಬಿ ಮಾತ್ರೆ ಕೊಡುವುದು, ಹೊರಗಿನ ಕ್ಯೂ. ಆಶಾ ಕಾರ್ಯಕರ್ತೆಯರ ಹತ್ತಿರ ಮಾತಾಡಿ. ನಮ್ಮ ಜಿಲ್ಲೆಯ ಎಷ್ಟೋ ಊರುಗಳ ಅಂತರ್ಜಲದಲ್ಲಿ ಫ್ಲೋರೈಡ್ ಜಾಸ್ತಿ. ಮಕ್ಕಳ ಹಲ್ಲಿನ ಮೇಲಿನ ಕಂದು ಕಲೆಗೆ ಅದೂ ಒಂದು ಕಾರಣ ಅಂತ ಅಲ್ಲಿ ಕುಳಿತಾಗ ತಿಳಿದರೆ, ಓದಿಗೆ ಬೇರೆಯೇ ಗಟ್ಟಿತನ ಬರುತ್ತದೆ. ಫೋಟೋ ತೆಗೆಯಬೇಡಿ. ಯಾರಿಗೆ ಏನು ಕಾಯಿಲೆ ಅಂತ ಹೊರಗೆ ಬಂದು ಹೇಳಬೇಡಿ. ರಕ್ತ, ಕೀವು, ಅಳು ಎಲ್ಲ ನೋಡಿದ ಮೇಲೂ ಮನಸ್ಸು ಇಲ್ಲೇ ನಿಂತರೆ ಒಳ್ಳೆಯದು. ಬೇಡ ಅನ್ನಿಸಿದರೂ ಒಳ್ಳೆಯದೇ, ಬೇಗ ಗೊತ್ತಾಯಿತಲ್ಲ.

ಇನ್ನು ಕಾಗದಪತ್ರ. ಅಂಕ ಇದ್ದೂ ಇಲ್ಲಿ ತೊಂದರೆಗೆ ಸಿಕ್ಕವರನ್ನು ನೋಡಿ ನನಗೆ ತುಂಬಾ ಸಂಕಟವಾಗಿದೆ. ರಾಜ್ಯದ ಕೋಟಾದಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ 15%, ಕನ್ನಡ ಮಾಧ್ಯಮದವರಿಗೆ 5% ಮೀಸಲು ಇದೆ. ಎರಡಕ್ಕೂ 1ರಿಂದ 10ನೇ ತರಗತಿವರೆಗಿನ ವ್ಯಾಸಂಗ ಪ್ರಮಾಣಪತ್ರ ಬೇಕು, ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ ಬೇಕು. ಎರಡು ಮೂರು ಶಾಲೆ ಬದಲಾಯಿಸಿದವರು ಪ್ರತಿ ಶಾಲೆಗೂ ಅಲೆಯಬೇಕಾಗುತ್ತದೆ. ಕಲ್ಯಾಣ ಕರ್ನಾಟಕದ ನಮ್ಮ ಮಕ್ಕಳಿಗೆ ಸಂವಿಧಾನದ 371(ಜೆ) ವಿಧಿಯ ಮೀಸಲು ಇದೆ: ಈ ಭಾಗದ ಕಾಲೇಜುಗಳಲ್ಲಿ 70%, ಉಳಿದ ಕಡೆ 8%. ಇದರ ಅರ್ಹತಾ ಪ್ರಮಾಣಪತ್ರ ಕೊಡುವವರು ಉಪವಿಭಾಗಾಧಿಕಾರಿ. ಜಾತಿ, ಆದಾಯದ ಪ್ರಮಾಣಪತ್ರ ನಾಡಕಚೇರಿಯಲ್ಲಿ. ಅದರ ಮೇಲಿನ ಆರ್‌ಡಿ ನಂಬರ್ (ಪ್ರಮಾಣಪತ್ರದ ಗುರುತಿನ ಸಂಖ್ಯೆ) ಬರೆದಿಟ್ಟುಕೊಳ್ಳಿ, ಅವಧಿ ಮುಗಿದಿದೆಯಾ ನೋಡಿ. ಆಧಾರ್‌ನಲ್ಲಿ ಒಂದು ಹೆಸರು, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು ಇದ್ದರೆ ಈಗಲೇ ಸರಿ ಮಾಡಿಸಿ. ಇಷ್ಟೆಲ್ಲ ಮೊದಲ ಪಿಯುಸಿಯ ದಸರಾ ರಜೆಯಲ್ಲೇ ಮುಗಿಯಬೇಕು. ಎರಡನೇ ವರ್ಷ ಓದಿಗಷ್ಟೇ ಇರಲಿ.

ನೀಟ್ ಬರೆದರೆ ಸೀಟು ತಾನಾಗಿ ಬರುವುದಿಲ್ಲ. ರಾಜ್ಯದ ಸೀಟಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದಲ್ಲಿ (ಕೆಇಎ) ಬೇರೆ ನೋಂದಣಿ ಮಾಡಬೇಕು. ಸರ್ಕಾರಿ ಕಾಲೇಜುಗಳ 15% ಸೀಟು ಅಖಿಲ ಭಾರತ ಕೋಟಾಕ್ಕೆ ಹೋಗುತ್ತದೆ, ಅದರ ಹಂಚಿಕೆಯನ್ನು ಕೇಂದ್ರದ ಮೆಡಿಕಲ್ ಕೌನ್ಸೆಲಿಂಗ್ ಕಮಿಟಿ (ಎಂಸಿಸಿ) ನಡೆಸುತ್ತದೆ. ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜುಗಳ ಪಟ್ಟಿ ತುಂಬುವಾಗ, ಕಾಲೇಜುಗಳನ್ನು ನಿಮ್ಮ ಇಷ್ಟದ ಕ್ರಮದಲ್ಲೇ ಹಾಕಿ. "ನಂಗೆಲ್ಲಿ ಸಿಗುತ್ತೆ" ಅಂತ ಒಳ್ಳೆಯ ಕಾಲೇಜನ್ನು ಕೆಳಗೆ ತಳ್ಳಬೇಡಿ. ಕೊಪ್ಪಳ, ರಾಯಚೂರು, ಬೀದರ್, ಕಲಬುರಗಿ, ಬಳ್ಳಾರಿ, ಯಾದಗಿರಿ ಎಲ್ಲ ಕಡೆ ಈಗ ಸರ್ಕಾರಿ ಮೆಡಿಕಲ್ ಕಾಲೇಜುಗಳಿವೆ. ಬೆಂಗಳೂರೇ ಬೇಕು ಅಂತ ಹಟ ಬೇಡ.

ಮನೆಯವರ ಜೊತೆ ಒಂದು ಸಲ ಕುಳಿತು ಮಾತಾಡಿ. ಎಂಬಿಬಿಎಸ್ ನಾಲ್ಕೂವರೆ ವರ್ಷ, ಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ತಜ್ಞ ವೈದ್ಯರಾಗಲು ಎಂಡಿ ಅಂದರೆ ಇನ್ನೂ ಮೂರು ವರ್ಷ. ಮೊದಲ ನಾಲ್ಕೂವರೆ ವರ್ಷವಂತೂ ಮನೆಗೆ ದುಡಿಮೆಯ ದುಡ್ಡು ಬರುವುದಿಲ್ಲ. ಹೊಲ ಮಾರಿ ಮ್ಯಾನೇಜ್‌ಮೆಂಟ್ ಸೀಟು ಕೊಡಿಸುತ್ತೇನೆ ಅನ್ನುವ ಅಪ್ಪಂದಿರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ. ಅದಕ್ಕಿಂತ ಒಂದು ವರ್ಷ ಲಾಂಗ್ ಟರ್ಮ್ ಮಾಡುವುದು, ಅಂದರೆ ಓದಿ ಮತ್ತೆ ನೀಟ್ ಬರೆಯುವುದು, ವಾಸಿ. ಆದರೆ ಎಲ್ಲಿ ಅಂಕ ಹೋಯಿತು ಅಂತ ವಿಷಯವಾರು ಗೊತ್ತಿದ್ದರೆ ಮಾತ್ರ. ವಿದೇಶಕ್ಕೆ ಹೋಗುವವರೂ ನೀಟ್‌ನಲ್ಲಿ ಅರ್ಹತೆ ಪಡೆಯಲೇಬೇಕು, ಓದಿ ಬಂದ ಮೇಲೆ ಇಲ್ಲಿ ವಿದೇಶದಲ್ಲಿ ಓದಿದ ಡಾಕ್ಟರರ ಅರ್ಹತಾ ಪರೀಕ್ಷೆ (ಎಫ್‌ಎಂಜಿಇ) ಪಾಸಾಗಬೇಕು.

ಕೆಇಎ ನಡೆಸುವ ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿಯ ಅರ್ಜಿಯನ್ನೂ ತಪ್ಪದೆ ಹಾಕಿ. ಬಿಎಸ್ಸಿ ನರ್ಸಿಂಗ್, ಪಶುವೈದ್ಯಕೀಯ, ಫಾರ್ಮಸಿ ಸೀಟುಗಳು ಅದರಿಂದ ಸಿಗುತ್ತವೆ. ಆಯುರ್ವೇದ, ದಂತವೈದ್ಯಕ್ಕೆ ನೀಟ್ ಅಂಕವೇ ಬೇಕು. ಎರಡನೇ ಪಿಯುಸಿಯ ಜನವರಿಯಿಂದಲೇ ಕೆಇಎ ವೆಬ್‌ಸೈಟನ್ನು ವಾರಕ್ಕೊಮ್ಮೆ ನೋಡುತ್ತಿರಿ.