ಅರಬ್ಬಿ ಕಡಲ ದಂಡೆಯಲ್ಲಿ ಜಲವರ್ಣ: ನಾನು ಕೆಲಸ ಮಾಡುವ ಬಗೆ

ಕಡಲನ್ನು ಸ್ಥಳದಲ್ಲೇ ಕೂತು ಬಿಡಿಸುವವರಿಗೆ ಬಣ್ಣಕ್ಕಿಂತ ಮೊದಲು ಬೇಕಾದದ್ದು ಭರತ-ಇಳಿತದ ಪಟ್ಟಿ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಎರಡರ ಎತ್ತರ ಒಂದೇ ಅಲ್ಲ. ದಿನದಿಂದ ದಿನಕ್ಕೆ ಇವು ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತವೆ. ಇವತ್ತು ಸಂಜೆ 4ಕ್ಕೆ ಬಂಡೆಗಳು ಬುಡದವರೆಗೆ ಕಂಡರೆ, ವಾರ ಬಿಟ್ಟು ಅದೇ ಗಂಟೆಗೆ ಹೋದಾಗ ಅವು ನೀರಿನಡಿ ಇರುತ್ತವೆ. ಹದಿನೈದು ದಿನಕ್ಕೆ ಅದೇ ಗಂಟೆಗೆ ಹೆಚ್ಚುಕಡಿಮೆ ಅದೇ ಮಟ್ಟ ಮರಳುತ್ತದೆ. ಹಾಗಾಗಿ ಒಂದೇ ಸಲಕ್ಕೆ ಕೂತು ಮುಗಿಸಲಾಗದ ಚಿತ್ರಕ್ಕೆ ನಾನು ಮರುದಿನ ಹೋಗುವುದಿಲ್ಲ, ಹದಿನೈದು ದಿನ ಬಿಟ್ಟು ಹೋಗುತ್ತೇನೆ. ಬೆಳಕೂ ಅಷ್ಟರಲ್ಲಿ ಹೆಚ್ಚು ಬದಲಾಗಿರುವುದಿಲ್ಲ. ಭರತದ ವೇಳೆ, ಅಲೆಯ ಎತ್ತರ ಎರಡಕ್ಕೂ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಮೀನುಗಾರರಿಗಾಗಿ ಕೊಡುವ ಮುನ್ಸೂಚನೆಯೇ ಸಾಕು.

ನಮ್ಮದು ಪಶ್ಚಿಮಕ್ಕೆ ಮುಖ ಮಾಡಿದ ದಂಡೆ. ಬೆಳಿಗ್ಗೆ ಸೂರ್ಯ ಘಟ್ಟದ ಕಡೆಯಿಂದ, ಅಂದರೆ ನಮ್ಮ ಬೆನ್ನ ಹಿಂದಿನಿಂದ ಬರುತ್ತಾನೆ. ಆಗ ನೊರೆ ಬೆಳ್ಳಗೆ, ದೋಣಿಗಳ ಬಣ್ಣ ಸ್ಪಷ್ಟ, ಆದರೆ ಅಲೆಯ ಆಕಾರ ಚಪ್ಪಟೆ. ಸಂಜೆ 4ರ ನಂತರ ಬೆಳಕು ಎದುರಿಗೆ ಬಂದಾಗ ಬಣ್ಣ ಕಡಿಮೆಯಾಗಿ ಆಕಾರ ಎದ್ದು ಬರುತ್ತದೆ. ಬೆಳಿಗ್ಗೆ ಬಂದರು ಮತ್ತು ಹೊಳೆ, ಸಂಜೆ ಅಲೆ ಎಂದು ನಾನು ಹಂಚಿಕೊಂಡಿದ್ದೇನೆ. ನಡುಹಗಲಿನಲ್ಲಿ ಪೆನ್ಸಿಲ್ ಬಿಟ್ಟು ಬೇರೆ ಯಾವುದನ್ನೂ ಹೊರಗೆ ತೆಗೆಯುವುದಿಲ್ಲ. ಆ ಬಿಸಿಲಿಗೆ ಬಣ್ಣ ಕುಂಚದ ತುದಿಯಲ್ಲೇ ಒಣಗುತ್ತದೆ, ಬಿಳಿ ಕಾಗದದ ಝಳಪಿಗೆ ಕಣ್ಣು ಮೋಸಹೋಗಿ ಎಲ್ಲವನ್ನೂ ಕಪ್ಪಾಗಿ ಹಾಕಿಬಿಡುತ್ತೇವೆ.

ಕಾಗದದ ವಿಷಯದಲ್ಲಿ ಉಳಿತಾಯ ಬೇಡ. ನೂರಕ್ಕೆ ನೂರು ಹತ್ತಿಯ, 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಕದ), ಕೋಲ್ಡ್ ಪ್ರೆಸ್ಡ್ (ಮೈ ತುಸು ಒರಟಾದ) ಕಾಗದ. ಪೂರ್ಣ ಹಾಳೆ 56×76 ಸೆಂ.ಮೀ.; ಸ್ಥಳದಲ್ಲಿ ಅದರ ಕಾಲು ಭಾಗ, 28×38, ನನಗೆ ಸರಿಯಾದ ಅಳತೆ. ಅದಕ್ಕಿಂತ ದೊಡ್ಡದಾದರೆ ಗಾಳಿಗೆ ಹಲಗೆ ಹಾಯಿಯಾಗುತ್ತದೆ. ಕರಾವಳಿಯ ನಿಜವಾದ ತೊಂದರೆ ಎಂದರೆ ತೇವ. ಕಾಗದದ ಮೇಲಿನ ಜೆಲಟಿನ್ ಲೇಪ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದು ಹಾಳಾಗುತ್ತದೆ. ಹಾಳಾದದ್ದು ಕಣ್ಣಿಗೆ ಕಾಣುವುದಿಲ್ಲ. ವಾಶ್ (ನೀರು ಬೆರೆಸಿದ ಬಣ್ಣದ ತೆಳು ಪದರ) ಎಳೆದ ಮೇಲೆ ಅಲ್ಲಲ್ಲಿ ಬಣ್ಣ ಒಳಗೆ ಹೀರಿ ಕಪ್ಪು ಚುಕ್ಕೆಗಳು ಏಳುತ್ತವೆ, ಅವನ್ನು ಯಾವ ಉಪಾಯದಿಂದಲೂ ತೆಗೆಯಲಾಗದು. ಆದ್ದರಿಂದ ಪ್ರತಿ ಹಾಳೆಯ ಮೂಲೆಗೆ ಮೊದಲು ಬರೀ ನೀರು ಸವರಿ ನೋಡಬೇಕು. ನೀರು ಮೇಲೆ ಹೊಳೆಯುತ್ತ ನಿಂತರೆ ಕಾಗದ ಚೆನ್ನಾಗಿದೆ, ತಕ್ಷಣ ಮಂಕಾಗಿ ಇಂಗಿದರೆ ಅದನ್ನು ಪೆನ್ಸಿಲ್ ಅಭ್ಯಾಸಕ್ಕೆ ಇಟ್ಟುಕೊಳ್ಳಿ. ಮೇ ಕೊನೆಗೆ ದೊಡ್ಡ ದಾಸ್ತಾನು ಕೊಳ್ಳಬೇಡಿ. ಇರುವುದನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟು, ಜೆಲ್ ಅನ್ನು ಆಗಾಗ ಬಿಸಿ ಮಾಡಿ ಒಣಗಿಸಿ.

ಬಣ್ಣ ಕಲಸುವ ಪ್ಯಾಲೆಟ್ಟಿಗೂ ಬೂಷ್ಟು ಬರುತ್ತದೆ. ಕೆಲಸ ಮುಗಿದ ಮೇಲೆ ಮುಚ್ಚಿಡದೆ ಫ್ಯಾನಿನ ಕೆಳಗೆ ರಾತ್ರಿಯಿಡೀ ತೆರೆದಿಡಬೇಕು. ತೊಳೆಯುವ ನೀರಿಗೆ ಒಂದು ಹನಿ ಲವಂಗದ ಎಣ್ಣೆ ಹಾಕಿ ಒರೆಸಿದರೂ ತಡೆಯುತ್ತದೆ. ತಗಡಿನ ಪ್ಯಾಲೆಟ್‌ನ ಬಿಳಿ ಲೇಪ ಎಲ್ಲಾದರೂ ಎದ್ದಿದ್ದರೆ ಉಪ್ಪು ಗಾಳಿಗೆ ಅಲ್ಲಿಂದ ತುಕ್ಕು ಹರಡಿ ಬಣ್ಣವನ್ನು ಕೆಡಿಸುತ್ತದೆ. ದಂಡೆಗೆ ಪ್ಲಾಸ್ಟಿಕ್ಕಿನದೇ ಒಳ್ಳೆಯದು.

ಬಣ್ಣ ಎಂಟೇ: ಕೋಬಾಲ್ಟ್ ನೀಲಿ, ಅಲ್ಟ್ರಾಮರೀನ್, ಸೆರೂಲಿಯನ್, ಥ್ಯಾಲೋ ಹಸಿರು, ರಾ ಸಿಯೆನ್ನಾ, ಬರ್ನ್ಟ್ ಸಿಯೆನ್ನಾ, ಲೈಟ್ ರೆಡ್, ಕ್ವಿನಾಕ್ರಿಡೋನ್ ರೋಸ್. ಜೊತೆಗೆ ಬಿಳಿ ಗ್ವಾಶ್‌ನ (ಕೆಳಗಿನ ಬಣ್ಣವನ್ನು ಮುಚ್ಚುವ ದಪ್ಪ ಜಲವರ್ಣದ) ಒಂದು ಸಣ್ಣ ಟ್ಯೂಬ್, ದೋಣಿಯ ಹಗ್ಗದ ಎಳೆಗೆ ಮಾತ್ರ. ಅಲಿಝರಿನ್ ಕ್ರಿಮ್ಸನ್ ಮತ್ತು ಆರಿಯೋಲಿನ್ ಬೆಳಕಿಗೆ ನಿಲ್ಲುವುದಿಲ್ಲ. ಮಾರುವ ಚಿತ್ರದಲ್ಲಿ ಅವು ಇರಬಾರದು. ಕುಂಚದಲ್ಲಿ ಒಂದು ದೊಡ್ಡ ಅಳಿಲು ಕೂದಲಿನ ಮಾಪ್ (ನೀರು ಹೆಚ್ಚು ಹಿಡಿಯುವ ದಪ್ಪ ಕುಂಚ), ಒಂದು ಇಂಚಿನ ಚಪ್ಪಟೆ ಕುಂಚ, 8 ಮತ್ತು 12ನೇ ನಂಬರಿನ ದುಂಡು ಕುಂಚ, ಒಂದು ರಿಗ್ಗರ್ (ತೆಳು ಗೆರೆಗೆ ಉದ್ದ ಕೂದಲಿನ ಕುಂಚ). ಎರಡು ಲೀಟರ್ ಸಿಹಿನೀರು ಮನೆಯಿಂದಲೇ ಒಯ್ಯಬೇಕು. ಕಡಲ ನೀರಿನಲ್ಲಿ ಬಿಡಿಸಿದರೆ ಕಾಗದದಲ್ಲಿ ಉಳಿದ ಉಪ್ಪು ವರ್ಷಗಟ್ಟಲೆ ಗಾಳಿಯ ತೇವ ಎಳೆಯುತ್ತ ಇರುತ್ತದೆ. ಟ್ರೈಪಾಡಿಗೆ ಕೆಳಗಿನಿಂದ ಒಂದು ಚೀಲ ಕಟ್ಟಿ, ದಂಡೆಯ ಮರಳನ್ನೇ ತುಂಬಿ. ಕೊಡೆ ಬೇಕೆಂದರೆ ಬಿಳಿ ಅಥವಾ ಬೂದು. ಕೆಂಪು, ನೀಲಿ ಕೊಡೆಯ ಬಣ್ಣ ಕಾಗದದ ಮೇಲೆ ಬಿದ್ದು ಲೆಕ್ಕ ತಪ್ಪಿಸುತ್ತದೆ.

ಇನ್ನು ಅಲೆ. ಓಡುವ ಅಲೆಯನ್ನು ಹಿಡಿಯಲು ಹೋಗಬೇಡಿ, ಅಲೆ ಒಡೆಯುವ ಜಾಗವನ್ನು ಹಿಡಿಯಿರಿ. ನೀರಿನ ಆಳ ಅಲೆಯ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದಾಗ ಅಲೆ ಮುರಿಯುತ್ತದೆ. ಹಾಗಾಗಿ ಒಂದೇ ಎತ್ತರದ ಅಲೆಗಳೆಲ್ಲ ಹೆಚ್ಚುಕಡಿಮೆ ಒಂದೇ ಗೆರೆಯ ಮೇಲೆ, ಒಂದೇ ರೀತಿಯಲ್ಲಿ ಮಗುಚುತ್ತವೆ. ಭರತ ಏರಿದಾಗ, ಇಳಿದಾಗ ಮಾತ್ರ ಆ ಗೆರೆ ಸರಿಯುತ್ತದೆ. ಗೋಕರ್ಣದ ಓಂ ಬೀಚಿನಂತೆ ಬಂಡೆ ಇರುವಲ್ಲಿ ಇದು ಇನ್ನೂ ಖಚಿತ. ಹತ್ತು ನಿಮಿಷ ಸುಮ್ಮನೆ ನೋಡಿ. ಆಮೇಲೆ ಪೆನ್ಸಿಲ್‌ನಲ್ಲಿ ಮೂರೇ ಗೆರೆ ಹಾಕಿ: ದಿಗಂತ, ಅಲೆಯ ನೆತ್ತಿ, ನೊರೆಯ ಅಂಚು.

ದಿಗಂತ ಯಾವಾಗಲೂ ನಿಮ್ಮ ಕಣ್ಣಿನ ಮಟ್ಟದಲ್ಲಿ. ದಂಡೆಯಲ್ಲಿ ನಿಂತವನಿಗೆ ಅದು ಸುಮಾರು 4.5 ಕಿ.ಮೀ. ದೂರ, 10 ಮೀಟರ್ ಎತ್ತರದ ಬಂಡೆಯಿಂದ 11 ಕಿ.ಮೀ. ಮೀರುತ್ತದೆ. ಮರಳಿನ ಮೇಲೆ ಕೂತು ಬಿಡಿಸುತ್ತ, ಫೋಟೋದಲ್ಲಿ ಕಂಡಂತೆ ದಿಗಂತವನ್ನು ಎತ್ತರಕ್ಕೆ ಹಾಕಿದರೆ ಇಡೀ ಕಡಲು ನಮ್ಮ ಕಡೆಗೆ ಜಾರಿದಂತೆ ಕಾಣುತ್ತದೆ. ಒಂದು ಮಿಲಿಮೀಟರ್ ಓರೆಯಾದರೂ ನೋಡುವವರಿಗೆ ಗೊತ್ತಾಗುತ್ತದೆ, ಆದ್ದರಿಂದ ಸ್ಕೇಲು ಬಳಸಲು ಹಿಂಜರಿಯಬೇಡಿ.

ಹಲಗೆಯನ್ನು 15 ಡಿಗ್ರಿಯಷ್ಟು ವಾಲಿಸಿ ಆಕಾಶದ ವಾಶ್ ಮೊದಲು. ಅದು ಪೂರ್ತಿ ಒಣಗಿದ ಮೇಲೆ ದೂರದ ನೀರು: ಕೋಬಾಲ್ಟ್, ಅದಕ್ಕೆ ಸೋಂಕಿದಷ್ಟೇ ಬರ್ನ್ಟ್ ಸಿಯೆನ್ನಾ. ಚಪ್ಪಟೆ ಕುಂಚವನ್ನು ಅಡ್ಡಲಾಗಿ, ಬೇಗ ಎಳೆದರೆ ಕಾಗದದ ಉಬ್ಬುಗಳು ಬಿಳಿಯಾಗಿ ಉಳಿದು ತಾವೇ ಮಿನುಗುತ್ತವೆ. ಅಲೆಯ ಮೈಯಲ್ಲಿ ನೆತ್ತಿಯ ಹತ್ತಿರ ನೀರು ತೆಳು, ಎದುರು ಬೆಳಕು ಅದರೊಳಗಿಂದ ಹಾದು ಬರುತ್ತದೆ. ಅಲ್ಲಿಗೆ ಥ್ಯಾಲೋ ಹಸಿರಿಗೆ ಹೆಚ್ಚು ರಾ ಸಿಯೆನ್ನಾ ಬೆರೆಸಿದ ತಿಳಿ ಬಣ್ಣ. ಕೆಳಗಿಳಿಯುತ್ತ ಹಸಿಯಿರುವಾಗಲೇ ಅಲ್ಟ್ರಾಮರೀನ್, ಬುಡದಲ್ಲಿ ಬರ್ನ್ಟ್ ಸಿಯೆನ್ನಾ ಸೇರಿಸಿ ಗಾಢ ಮಾಡಬೇಕು. ಕುಂಚ ಅಲೆಯ ಬಾಗುವಿಕೆಯ ದಿಕ್ಕಿನಲ್ಲೇ ಓಡಬೇಕು. ಇದಿಷ್ಟೂ ಒಂದೇ ಹಸಿಯಲ್ಲಿ ಮುಗಿಯಬೇಕು. ಅರೆ ಒಣಗಿದ ಮೇಲೆ ಮತ್ತೆ ನೀರು ತಾಗಿಸಿದರೆ ಹೂಕೋಸಿನಂಥ ಕಲೆ ಏಳುತ್ತದೆ. ಮಾರ್ಚಿನ ಸಂಜೆ ಐದು ನಿಮಿಷದಲ್ಲಿ ಒಣಗುವ ವಾಶ್ ಜುಲೈಯಲ್ಲಿ ಅರ್ಧ ಗಂಟೆಯಾದರೂ ತಣ್ಣಗೆ ಕೂತಿರುತ್ತದೆ. ಒಣಗಿದೆಯೇ ಎಂದು ಬೆರಳ ಹಿಂಬದಿಯನ್ನು ಕಾಗದದ ಹಿಂದೆ ತಾಗಿಸಿ ನೋಡಿ. ತಂಪು ತಾಗಿದರೆ ಇನ್ನೂ ಹಸಿ.

ಹೊಸಬರು ಹೆಚ್ಚು ಸೋಲುವುದು ನೊರೆಯಲ್ಲಿ. ನೊರೆಯೆಲ್ಲ ಬಿಳಿ ಎಂದುಕೊಳ್ಳುತ್ತಾರೆ. ಬಿಸಿಲು ನೇರ ಬೀಳುವ ಮೇಲಂಚು ಮಾತ್ರ ಕಾಗದದ ಬಿಳಿ. ನೆರಳಿನ ಬದಿಗೆ ಅಲ್ಟ್ರಾಮರೀನ್ ಮತ್ತು ಲೈಟ್ ರೆಡ್‌ನ ತೆಳು ಬೂದು ಬೇಕು, ಸಂಜೆಗೆ ರೋಸ್‌ನ ಛಾಯೆ. ಅಂಚುಗಳಲ್ಲಿ ಅರ್ಧದಷ್ಟನ್ನು ಒದ್ದೆ ಕುಂಚದಿಂದ ಕರಗಿಸಿ, ಉಳಿದರ್ಧ ಚೂಪಾಗಿರಲಿ. ಹರಡಿದ ನೊರೆಯ ಜಾಲದಲ್ಲಿ ನೊರೆಯನ್ನಲ್ಲ, ಅದರ ನಡುವಿನ ನೀರಿನ ತೂತುಗಳನ್ನು ಬಿಡಿಸಬೇಕು. ಹತ್ತಿರದವು ದೊಡ್ಡವು, ದೂರ ಹೋದಂತೆ ಚಪ್ಪಟೆಯಾಗಿ ಗೆರೆಯಾಗುತ್ತವೆ. ಬಿಳಿ ಉಳಿಸಲು ಮೊದಲೇ ಸವರಿ ಆಮೇಲೆ ಕೀಳುವ ಮಾಸ್ಕಿಂಗ್ ದ್ರವವನ್ನು ನಾನು ದಂಡೆಗೆ ಒಯ್ಯುವುದಿಲ್ಲ. ಬಿಸಿಲಿಗೆ ಅದು ಬೆಂದು ಅಂಟಿಕೊಂಡು, ಕೀಳುವಾಗ ಕಾಗದದ ಮೇಲ್ಪದರವನ್ನೂ ಕಿತ್ತು ತರುತ್ತದೆ. ಸೂರ್ಯಾಸ್ತದ ಹೊಳಪಿನ ಪಟ್ಟಿಯ ಬಗ್ಗೆ ಒಂದೇ ಮಾತು: ಸೂರ್ಯ ಇಳಿದಷ್ಟೂ ಅದು ಕಿರಿದಾಗುತ್ತದೆ. ಸೂರ್ಯನನ್ನು ಕೆಳಗೆ ಹಾಕಿ ಪಟ್ಟಿಯನ್ನು ಅಗಲ ಮಾಡಿದರೆ ಎರಡು ಬೇರೆ ಬೇರೆ ಗಂಟೆಗಳು ಒಂದೇ ಚಿತ್ರಕ್ಕೆ ಬಂದಂತೆ.

ಕಡಲು ವರ್ಷವಿಡೀ ನೀಲಿ ಇರುವುದಿಲ್ಲ. ಜೂನಿನಿಂದ ಹೊಳೆಗಳ ಕೆಸರು ಸೇರಿ ದಂಡೆಯ ನೀರು ಕಂದು. ಆಗ ರಾ ಸಿಯೆನ್ನಾ, ಬರ್ನ್ಟ್ ಸಿಯೆನ್ನಾ, ಸ್ವಲ್ಪ ಕೋಬಾಲ್ಟ್. ಹಸಿರಿನ ಟ್ಯೂಬನ್ನು ಮುಟ್ಟುವಂತಿಲ್ಲ. ನನಗೆ ಆ ಕಂದು ಕಡಲೇ ಹೆಚ್ಚು ಪ್ರೀತಿ, ಕೊಳ್ಳುವವರು ಮಾತ್ರ ನೀಲಿ ಕೇಳುತ್ತಾರೆ. ಡಿಸೆಂಬರ್-ಜನವರಿಯಲ್ಲಿ ದಿಗಂತ ಗೀಟು ಎಳೆದಂತೆ ಸ್ಪಷ್ಟ, ಏಪ್ರಿಲ್-ಮೇಯ ಮಬ್ಬಿನಲ್ಲಿ ನೀರು, ಆಕಾಶ ಒಂದಾಗಿಬಿಡುತ್ತವೆ. ಆ ದಿನಗಳಲ್ಲಿ ದಿಗಂತವನ್ನು ಬಿಟ್ಟುಬಿಡುವ ಧೈರ್ಯ ಬೇಕು.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ದೋಣಿ ಕಲಿಯಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಮಲ್ಪೆಯಲ್ಲಿ ಟ್ರಾಲ್ ಬೋಟು, ಪರ್ಸೀನ್ ಬೋಟುಗಳು ಮೈಗೆ ಮೈ ತಾಗಿಸಿ ನಿಂತಿರುತ್ತವೆ, ದಡಕ್ಕೆ ಎಳೆದವುಗಳ ತಳ ಪೂರ್ತಿ ಕಾಣುತ್ತದೆ. ಒಮ್ಮೆ ತಳ ಬಿಡಿಸಿ ಅಭ್ಯಾಸವಾದರೆ ತೇಲುವ ದೋಣಿ ನೀರಿನ ಮೇಲೆ ಇಟ್ಟಂತೆ ಕಾಣದೆ ನೀರೊಳಗೆ ಕೂರುತ್ತದೆ. ದೋಣಿ ಬಿಡಿಸುವಾಗ ಮೊದಲು ಪೆಟ್ಟಿಗೆಯ ಆಕಾರ, ಅದರೊಳಗೆ ನಡುಗೆರೆ, ಆಮೇಲೆ ಅಂಚಿನ ಬಾಗು. ಪ್ರತಿಬಿಂಬದಲ್ಲಿ ಕಪ್ಪು ವಸ್ತು ತುಸು ತಿಳಿಯಾಗಿ, ಬಿಳಿ ವಸ್ತು ತುಸು ಕಪ್ಪಾಗಿ ಬರುತ್ತದೆ. ನಮ್ಮ ಕಡೆ ವಾಲಿದ ಕಂಬದ ಬಿಂಬ ಕಂಬಕ್ಕಿಂತ ಉದ್ದ. ಬಂದರಿನಲ್ಲಿ ಕೂರುವ ಮುನ್ನ ಅಲ್ಲಿಯವರನ್ನು ಕೇಳಿ. ಕಾರವಾರದ ನೌಕಾನೆಲೆಯ ಕಡೆಗೆ ಕ್ಯಾಮೆರಾ, ಸ್ಕೆಚ್ ಪುಸ್ತಕ ಎರಡೂ ಬೇಡ.

ನೆಲದ ಚಿತ್ರಕ್ಕೂ ಇದೇ ಚೀಲ. ಮಿರ್ಜಾನ್ ಕೋಟೆಯ ಮುರಕಲ್ಲಿಗೆ ಬಿಸಿಲಲ್ಲಿ ಬರ್ನ್ಟ್ ಸಿಯೆನ್ನಾ ಜೊತೆ ರೋಸ್, ನೆರಳಲ್ಲಿ ಅದೇ ಬಣ್ಣದ ಮೇಲೆ ಅಲ್ಟ್ರಾಮರೀನ್. ಪಾಚಿ ಹಿಡಿದ ಕಪ್ಪನ್ನು ಒಣ ಕುಂಚದಿಂದ ಕೊನೆಗೆ. ಅಘನಾಶಿನಿಯ ಉಪ್ಪುನೀರು ನುಗ್ಗುವ ಗಜನಿ ಗದ್ದೆ, ಸಾಣಿಕಟ್ಟೆಯ ಉಪ್ಪಿನಾಗರಗಳಲ್ಲಿ ಆಕಾಶವೇ ನೆಲದ ಮೇಲೆ ಬಿದ್ದಿರುತ್ತದೆ, ಹಾಗಾಗಿ ಎರಡನ್ನೂ ಒಂದೇ ವಾಶ್‌ನಲ್ಲಿ ಎಳೆದು ಬದುಗಳನ್ನು ಮೇಲಿಂದ ಹಾಕುತ್ತೇನೆ. ಘಟ್ಟದ ಮಂಜಿಗೆ ಮೈಸೂರಿನ ಕಲಾವಿದ ಕೆ. ವೆಂಕಟಪ್ಪನವರ ಊಟಿಯ ಜಲವರ್ಣಗಳನ್ನು ನೋಡಬೇಕು; ಗುಡ್ಡ ಎಲ್ಲಿ ಮುಗಿದು ಮೋಡ ಎಲ್ಲಿ ಶುರುವಾಯಿತೆಂದು ಗೆರೆ ಹಾಕಿ ಹೇಳದ ಕೈ ಅದು. ಪ್ರತಿ ಅಧ್ಯಯನದ ಹಿಂದೆ ತಾರೀಖು, ಗಂಟೆ, ಗಾಳಿಯ ದಿಕ್ಕು, ಭರತದ ಸ್ಥಿತಿ ಬರೆಯುತ್ತೇನೆ. 1821-22ರಲ್ಲಿ ಹ್ಯಾಂಪ್‌ಸ್ಟೆಡ್‌ನಲ್ಲಿ ಮೋಡಗಳನ್ನು ಬಿಡಿಸುತ್ತಿದ್ದ ಇಂಗ್ಲಿಷ್ ಚಿತ್ರಕಾರ ಜಾನ್ ಕಾನ್‌ಸ್ಟೇಬಲ್ ಹೀಗೇ ಬರೆದಿಡುತ್ತಿದ್ದರು. ಮನೆಯಲ್ಲಿ ದೊಡ್ಡ ಚಿತ್ರ ಮಾಡುವಾಗ ಫೋಟೋಕ್ಕಿಂತ ಈ ಎರಡು ಸಾಲು ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಮಾರಾಟಕ್ಕೆ ಬೆಂಗಳೂರಿನ ಚಿತ್ರಸಂತೆ, ಹೋಂಸ್ಟೇಗಳು, ಗ್ಯಾಲರಿಗಳು. ಗ್ಯಾಲರಿಗೆ ಬೆಲೆಯ ಮೂರನೇ ಒಂದರಿಂದ ಅರ್ಧದವರೆಗೆ ಹೋಗುತ್ತದೆಂದು ಮೊದಲೇ ಲೆಕ್ಕ ಹಾಕಿ ಚದರ ಇಂಚಿಗೆ ದರ ಕಟ್ಟಬೇಕು. ಗ್ಯಾಲರಿಯ ಬೆಲೆ, ಮನೆಯ ಬೆಲೆ ಎಂದು ಎರಡು ಇಟ್ಟರೆ ನಂಬಿಕೆ ಕೆಡುತ್ತದೆ. ಚೌಕಟ್ಟಿನಲ್ಲಿ ಗಾಜಿಗೆ ಕಾಗದ ತಾಗಬಾರದು, ನಡುವೆ ಆಮ್ಲರಹಿತ ಮೌಂಟ್ ಬೋರ್ಡ್ ಇರಲೇಬೇಕು. ಹಿಂಬದಿಗೆ ಕಾರ್ಡ್‌ಬೋರ್ಡ್ ಬದಲು ಫೋಮ್ ಬೋರ್ಡ್ ಹಾಕಿ ಸುತ್ತ ಟೇಪಿನಿಂದ ಮುಚ್ಚಿ, ಕೆಳಗಿನ ಎರಡು ಮೂಲೆಗೆ ರಬ್ಬರ್ ಗುಂಡಿ ಅಂಟಿಸಿದರೆ ಗೋಡೆ ಮತ್ತು ಚಿತ್ರದ ನಡುವೆ ಗಾಳಿಯಾಡುತ್ತದೆ. ಕರಾವಳಿಯ ಮನೆಗೆ ಕೊಟ್ಟಾಗ, ಮಳೆ ಹೊಡೆಯುವ ಹೊರಗೋಡೆಗೆ ತೂಗುಹಾಕಬೇಡಿ, ಒಳಗೋಡೆಗೆ ಹಾಕಿ ಎಂದು ಚೌಕಟ್ಟಿನ ಹಿಂದೆಯೇ ಬರೆದು ಅಂಟಿಸುತ್ತೇನೆ.