ಎಲ್ಲಿ ಐತಿ, ಎಲ್ಲೈತಿ: ಕೂಡಿದ ಸ್ವರ ಅಳೆದದ್ದು

ಉತ್ತರ ಕರ್ನಾಟಕದ ಆಡುಮಾತಿನಲ್ಲಿ ‘ಎಲ್ಲಿ ಐತಿ’ ಕೂಡಿ ‘ಎಲ್ಲೈತಿ’ ಆಗುವಾಗ ಆ ಎರಡು ಸ್ವರಗಳಿಗೆ ಏನಾಗುತ್ತದೆಂದು ಅಳೆಯಹೊರಟಿದ್ದೆ. ಸಂಧಿಸೂತ್ರ ಬಾಯಿಪಾಠ ಇದ್ದವರೇ ‘ಆಡುಮಾತಿನಾಗ ಅದನ್ನ ಅಳೆಯೂದು ಆಗದ ಕೆಲಸ’ ಅಂದಿದ್ದರು. ಆತು. (‘ಆಯಿತು’ ಸವೆದು ‘ಆತು’ ಆದದ್ದೂ ನನ್ನ ಪಟ್ಟಿಯಲ್ಲಿದೆ.)

ಮೊದಲು ಮಾತಾಡುವವರಿಗೆ ಚೀಟಿ ಬರೆದುಕೊಟ್ಟು ಓದಿಸಿದೆ. ‘ಎಲ್ಲಿ’ ಅಂದು ಉಸಿರು ಬಿಟ್ಟು ‘ಐತಿ’ ಅಂದರು. ನಡುವೆ ನಿಂತರೆ ಸ್ವರ ಕೂಡುವುದಿಲ್ಲ. ಗೌರವಧನದ ಮೂರು ಸಾವಿರ ನೀರಿಗೆ ಹೋಯಿತು. ಆಮೇಲೆ ವಾಟ್ಸಾಪ್ ಧ್ವನಿ ತರಿಸಿಕೊಂಡೆ. ಫೈಲ್ ಹಿಂಡಿಹೋಗಿರುತ್ತದೆ, ಫಾರ್ಮಂಟ್ (ಸ್ವರದ ಗುರುತು ಹೇಳುವ, ಬಾಯೊಳಗಿನ ಅನುರಣನದ ಕಂಪನಾಂಕ) ಗೆರೆ ಕಪ್ಪೆಯಂತೆ ಜಿಗಿಯುತ್ತದೆ. ಕೊನೆಗೆ ಎಂಟೂವರೆ ಸಾವಿರದ ರೆಕಾರ್ಡರ್ ಕೊಂಡೆ: ಧ್ವನಿ ಹಿಂಡದ ವೇವ್ ಫೈಲ್, 44.1 ಕಿಲೋಹರ್ಟ್ಸ್, 16 ಬಿಟ್, ಮೊನೊ. ಮೈಕು ಬಾಯಿಂದ ಒಂದು ಗೇಣು, ತುಸು ಓರೆ. ಫ್ಯಾನ್ ಬಂದ್.

ಧ್ವನಿ ಅಳೆಯುವ ತಂತ್ರಾಂಶ ಪ್ರಾಟ್‌ನಲ್ಲಿ ಎಲ್ಲರೂ ಮಾಡುವ ತಪ್ಪು, ಎರಡು ಸ್ವರಗಳ ನಡುವೆ ಗೆರೆ ಹುಡುಕುವುದು. ಆ ಗೆರೆಯೇ ಇಲ್ಲ. ಹಿಂದಿನ ವ್ಯಂಜನ ಮುಗಿದಲ್ಲಿಂದ ಮುಂದಿನದು ಶುರುವಾಗುವವರೆಗೆ ಒಂದೇ ತುಂಡು ಇಟ್ಟು, ಅದರ 20, 50, 80 ಶೇಕಡಾದಲ್ಲಿ ಎರಡನೆಯ ಫಾರ್ಮಂಟ್ (ನಾಲಗೆ ಮುಂದಿದ್ದರೆ ಏರುವುದು, ಹಿಂದೆ ಸರಿದರೆ ಇಳಿಯುವುದು) ತೆಗೆಯಬೇಕು. ಫಾರ್ಮಂಟ್ ಹುಡುಕುವ ಮೇಲಿನ ಮಿತಿ ಗಂಡಸರಿಗೆ 5000, ಹೆಂಗಸರಿಗೆ 5500 ಹರ್ಟ್ಸ್. ‘ಮನಿ’ಗೆ ‘ಆಗ’ ಸೇರಿದ ‘ಮನ್ಯಾಗ’ದಲ್ಲಿ ಆ ಫಾರ್ಮಂಟ್ ಗೆರೆ ಸುಮಾರು 2000ದಿಂದ 1400 ಹರ್ಟ್ಸ್‌ಗೆ ಜಾರುತ್ತದೆ, ಅಂದರೆ ಇಕಾರ ಯಕಾರವಾಗಿ ಉಳಿದಿದೆ. ‘ಎಲ್ಲಿ ಅದ’ ಕೂಡಿದ ‘ಎಲ್ಲದ’ದಲ್ಲಿ ಲಕಾರದ ನಂತರ ಮಟ್ಟಸ, ಇಕಾರ ಪೂರ್ತಿ ಮಾಯ. ಒಬ್ಬರೇ ಒಂದು ಸಲ ‘ಎಲ್ಲದಾನ’, ಇನ್ನೊಂದು ಸಲ ‘ಎಲ್ಲ್ಯದಾನ’ ಅಂದಾರು. ಸರಾಸರಿ ತೆಗೆದರೆ ಎರಡೂ ಅಲ್ಲದ ಸುಳ್ಳು ಸ್ವರ ಸಿಗುತ್ತದೆ.

ಬೆವರಿಳಿಸಿದ್ದು ‘ಮನ್ಯಾಗ’ದಲ್ಲಿ ಬರುವಂಥ ‘್ಯಾ’. ಅದನ್ನೇ ಹುಡುಕಿ ಆರುನೂರು ಚಿಲ್ಲರೆ ಮಾತು ಒಟ್ಟುಮಾಡಿದ್ದೆ. ಅದರಲ್ಲಿ ‘ಬ್ಯಾಡ’, ‘ಬ್ಯಾರೆ’ ಎಲ್ಲ ನುಗ್ಗಿದ್ದವು. ‘ಬೇಡ’ದಲ್ಲಿ ಎರಡು ಸ್ವರ ಕೂಡಿಯೇ ಇಲ್ಲ, ಒಂಟಿ ಏಕಾರ ಅಗಲವಾದದ್ದು ಅಷ್ಟೇ. ಹೆಚ್ಚುಕಡಿಮೆ ಅರ್ಧ ಕಿತ್ತುಹಾಕಬೇಕಾಯಿತು, ಎರಡು ವಾರ ಹೋಯಿತು.

ನಡುವೆ ಒಂದು ಚಟಕ್ಕೆ ‘ಎಲ್ಲಾ ಅದ’ವನ್ನೂ ಅಳೆದೆ. ಕೂಡಿದರೆ ‘ಎಲ್ಲಾದ’. ‘ಎಲ್ಲದ’ದ ಅಕಾರ 80 ಮಿಲಿಸೆಕೆಂಡಿನ ಆಸುಪಾಸು, ಇದು ಅದರ ಹತ್ತಿರಹತ್ತಿರ ಇಮ್ಮಡಿ. ಹುಬ್ಬಳ್ಳಿ ದುರ್ಗದಬೈಲಿನ ಗದ್ದಲದಲ್ಲೂ ಕಿವಿಗೆ ಇಷ್ಟು ಸಾಕು. ಕೇಳಿದ್ದು ಪ್ರಶ್ನೆಯೋ ಉತ್ತರವೋ ಗೊತ್ತಾಗುತ್ತದೆ.

ಓದಿಸದೆ ‘ಎಲ್ಲೈತಿ’ ಹೊರಡಿಸಲು ನಾನು ಕೇಳುವ ಪ್ರಶ್ನೆ ಮಾತ್ರ ಇಲ್ಲಿ ಬರೆಯುವುದಿಲ್ಲ. ಎದುರಿನವರ ಕೈಯಲ್ಲಿ ಏನಾದರೂ ಕೆಲಸ ಇರಬೇಕು ಅನ್ನುವಷ್ಟು ಹೇಳುತ್ತೇನೆ.

‘ಚಲೋ ಐತಿ’ ಮಾತ್ರ ಎಷ್ಟು ಗಡಿಬಿಡಿಯಲ್ಲೂ ಕೂಡಲೊಲ್ಲದು. ಓ ತನ್ನ ಜಾಗ ಬಿಡದು, ಐ ತನ್ನದು ಬಿಡದು. ನಡುವೆ ತೆಳುವಾಗಿ ಒಂದು ವಕಾರ ಇಣುಕಿ ಹೋಗುತ್ತದೆ.