ಟ್ರಕ್ಕಿನ ಆಟೊಮ್ಯಾಟಿಕ್ ಗೇರ್‌ಬಾಕ್ಸನ್ನು ಮನೆಯಲ್ಲೇ ಬಿಚ್ಚಿ ಗಟ್ಟಿಗೊಳಿಸಿದ ನನ್ನ ಅನುಭವ

ಭಾರದ ಟ್ರೇಲರ್ ಎಳೆದುಕೊಂಡು ಏರು ಹತ್ತುತ್ತಿದ್ದಾಗ, ಎರಡನೆಯ ಗೇರಿನಿಂದ ಮೂರನೆಯದಕ್ಕೆ ಬದಲಾಗುವ ಕ್ಷಣದಲ್ಲಿ ಎಂಜಿನ್ ಒಮ್ಮೆಲೇ ಅರಚಿಕೊಂಡಿತು. ಗಾಡಿಯ ವೇಗ ಮಾತ್ರ ಏರಲಿಲ್ಲ. ಕೆಲವು ವಾರಗಳಲ್ಲೇ ಮೂರನೆಯ ಮತ್ತು ನಾಲ್ಕನೆಯ ಗೇರುಗಳು ಪೂರ್ತಿ ಕೈಕೊಟ್ಟವು. ಆಯಿಲ್ ಕಡ್ಡಿ ಎಳೆದು ನೋಡಿದರೆ ಕೆಂಪಗಿರಬೇಕಾದ ಆಯಿಲ್ ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬರುತ್ತಿತ್ತು. ಏರಿನಲ್ಲೂ ಓವರ್‌ಡ್ರೈವ್ (ಎಂಜಿನ್ನಿಗಿಂತ ಶಾಫ್ಟ್ ವೇಗವಾಗಿ ತಿರುಗುವ ನಾಲ್ಕನೆಯ ಗೇರ್) ಬಿಡದೆ ಭಾರ ಎಳೆದದ್ದು ನಾನೇ ಆದ್ದರಿಂದ ಅದನ್ನು ಸರಿಪಡಿಸುವ ಹೊಣೆಯನ್ನೂ ನಾನೇ ಹೊತ್ತೆ.

ನನ್ನ ಟ್ರಕ್ಕಿನಲ್ಲಿರುವುದು 4ಎಲ್60-ಇ ಗೇರ್‌ಬಾಕ್ಸ್. 1982ರಲ್ಲಿ ಬಂದ, ಜನರಲ್ ಮೋಟಾರ್ಸ್‌ನ 700ಆರ್4 ಎಂಬ ನಾಲ್ಕು ಗೇರಿನ ಪೆಟ್ಟಿಗೆಯ ವಂಶದ್ದು. ಇದರಲ್ಲಿ ಮೂರನೆಯ ಮತ್ತು ನಾಲ್ಕನೆಯ ಗೇರುಗಳೆರಡೂ ಒಂದೇ ಕ್ಲಚ್ ಪ್ಯಾಕನ್ನು (ಆಯಿಲಿನ ಒತ್ತಡದಿಂದ ಒಂದಕ್ಕೊಂದು ಒತ್ತಿಕೊಂಡು ಗೇರನ್ನು ಹಿಡಿಯುವ ತಟ್ಟೆಗಳ ಕಟ್ಟು) ನಂಬಿಕೊಂಡಿವೆ. ಒಂದು, ಎರಡು ಮತ್ತು ರಿವರ್ಸ್ ಸರಿಯಾಗಿದ್ದು ಮೂರು, ನಾಲ್ಕು ಮಾತ್ರ ಹೋದರೆ ಸುಟ್ಟಿರುವುದು ಆ ಪ್ಯಾಕೇ ಎಂದು ಬಿಚ್ಚುವ ಮೊದಲೇ ಹೇಳಬಹುದು. ಎರಡು, ನಾಲ್ಕು ಮತ್ತು ರಿವರ್ಸ್ ಒಟ್ಟಿಗೆ ಹೋಗಿದ್ದರೆ ನಡುವಿನ ಸನ್ ಗೇರಿಗೆ ಕೂಡಿಕೊಂಡಿರುವ ಬಟ್ಟಲಿನಂಥ ಉಕ್ಕಿನ ಭಾಗ, ಅಂದರೆ ಸನ್ ಶೆಲ್, ಮುರಿದಿದೆಯೆಂದು ಸಂಶಯಪಡುತ್ತಿದ್ದೆ.

ಪೆಟ್ಟಿಗೆಯನ್ನು ಕೆಳಗಿಳಿಸುವ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಯಿಲ್ ಇಲ್ಲದೆಯೇ ಅದು 70 ಕಿಲೋ ಆಸುಪಾಸು ತೂಗುವುದರಿಂದ ಟ್ರಾನ್ಸ್‌ಮಿಷನ್ ಜಾಕ್ ಮತ್ತು ಬಿಗಿದು ಕಟ್ಟುವ ಪಟ್ಟಿ ಇಲ್ಲದೆ ಯಾರೂ ಅದರ ಕೆಳಗೆ ಮಲಗಬಾರದು.

ಕ್ಲಚ್ಚುಗಳು ಕೂರುವ ಇನ್‌ಪುಟ್ ಡ್ರಮ್ಮಿನಿಂದ ಮೂರು-ನಾಲ್ಕರ ಕ್ಲಚ್ ತಟ್ಟೆಗಳನ್ನು ಒಂದೊಂದಾಗಿ ತೆಗೆದು ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿದೆ. ಘರ್ಷಣೆಯ ತಟ್ಟೆಗಳ ಲೇಪ ಪೂರ್ತಿ ಉದುರಿ ಬರಿಯ ಲೋಹ ಉಳಿದಿತ್ತು. ನಡುವಿನ ಉಕ್ಕಿನ ತಟ್ಟೆಗಳ ಮೇಲೆ ಶಾಖಕ್ಕೆ ಮೂಡಿದ ನೀಲಿ-ಕಪ್ಪು ಕಲೆಗಳು ಉಂಗುರದಂತೆ ಹಬ್ಬಿದ್ದವು. ಇಲ್ಲಿಗೇ ಹೊಸ ತಟ್ಟೆ ತಂದು ಕೂರಿಸಿ ಮುಚ್ಚಿಬಿಡುವ ಆಸೆ ಯಾರಿಗೂ ಬರುತ್ತದೆ. ಆದರೆ ತಟ್ಟೆ ಸುಡುವುದು ಅದನ್ನು ಒತ್ತುವ ಆಯಿಲಿನ ಒತ್ತಡ ಸಾಲದೆ ಜಾರಿದಾಗ. ಆ ಒತ್ತಡ ಎಲ್ಲಿ ಸೋರಿತೆಂದು ಕಂಡುಹಿಡಿಯದೆ ಎಷ್ಟು ಒಳ್ಳೆಯ ತಟ್ಟೆ ಹಾಕಿದರೂ ಅದೂ ಸುಡುತ್ತದೆ.

ನನಗೆ ಎರಡು ಸೋರಿಕೆಗಳು ಸಿಕ್ಕವು. ಡ್ರಮ್ಮಿನ ಪಿಸ್ಟನ್‌ಗಳ ರಬ್ಬರ್ ಸೀಲ್‌ಗಳು ಶಾಖದಿಂದ ಸೆಟೆದು, ಉಗುರಿನಿಂದ ಒತ್ತಿದರೂ ಬಾಗದಷ್ಟು ಗಟ್ಟಿಯಾಗಿದ್ದವು. ಎರಡನೆಯದು ಸುಲಭವಾಗಿ ಕಣ್ಣು ತಪ್ಪಿಸುವಂಥದ್ದು: ಕೇಸಿನೊಳಗೆ ಹೂತಿರುವ, ಮೂರನೆಯ ಅಕ್ಯುಮ್ಯುಲೇಟರಿನ (ಆಯಿಲಿನ ದಾರಿಯ ಒಂದು ಭಾಗ) ಚಿಕ್ಕ ಗುಂಡಿನ ಕ್ಯಾಪ್ಸೂಲ್. ಕೇಸನ್ನು ಓರೆಯಾಗಿಟ್ಟು, ಕ್ಯಾಪ್ಸೂಲಿನ ಮೇಲೆ ಒಂದು ಚಮಚದಷ್ಟು ಕ್ಲೀನಿಂಗ್ ದ್ರಾವಕ ಸುರಿದು ಟಾರ್ಚ್ ಹಿಡಿದು ಕೂತೆ. ಗುಂಡು ಸರಿಯಾಗಿ ಕೂತಿದ್ದರೆ ದ್ರಾವಕ ಅಲ್ಲೇ ನಿಲ್ಲಬೇಕಿತ್ತು. ಅರ್ಧ ನಿಮಿಷದಲ್ಲಿ ಪೂರ್ತಿ ಇಳಿದುಹೋಯಿತು. ಮೂರನೆಯ ಗೇರಿನ ಕ್ಲಚ್ಚಿಗೆ ಹೋಗಬೇಕಾದ ಒತ್ತಡ ಇದೇ ದಾರಿಯಲ್ಲಿ ಪ್ರತಿ ಬಾರಿಯೂ ಪೋಲಾಗುತ್ತಿತ್ತು. ಹಳೆಯ ಕ್ಯಾಪ್ಸೂಲನ್ನು ಕಿತ್ತು ಹೊಸದನ್ನು ಮೆಲ್ಲಗೆ ಬಡಿದು ಕೂರಿಸಿ, ಮತ್ತೆ ದ್ರಾವಕ ಸುರಿದು ನಿಂತದ್ದನ್ನು ನೋಡಿದ ಮೇಲೆಯೇ ಮುಂದುವರಿದೆ.

ಕ್ಲಚ್ ಪ್ಯಾಕಿನ ಆಯ್ಕೆಯಲ್ಲಿ ಒಂದು ತೀರ್ಮಾನ ಮಾಡಬೇಕಾಗುತ್ತದೆ. ಉಕ್ಕಿನ ತಟ್ಟೆಗಳನ್ನು ತೆಳ್ಳಗೆ ಮಾಡಿದರೆ ಹೆಚ್ಚು ಘರ್ಷಣೆಯ ತಟ್ಟೆಗಳು ಹಿಡಿಯುತ್ತವೆ, ಹಿಡಿತವೂ ಹೆಚ್ಚುತ್ತದೆ. ಆದರೆ ತೆಳು ಉಕ್ಕು ಶಾಖವನ್ನು ಹೀರಿಕೊಳ್ಳಲಾರದು. ಏರಿನಲ್ಲಿ ಭಾರ ಎಳೆಯುವ ಗಾಡಿಗೆ ಶಾಖವೇ ದೊಡ್ಡ ಶತ್ರುವಾದ್ದರಿಂದ ನಾನು ದಪ್ಪ ಉಕ್ಕಿನ ತಟ್ಟೆಗಳನ್ನೂ ಉತ್ತಮ ದರ್ಜೆಯ ಘರ್ಷಣೆಯ ತಟ್ಟೆಗಳನ್ನೂ ಆರಿಸಿಕೊಂಡೆ. ಮೊದಲ ಜೋಡಣೆಯಲ್ಲಿ ಫೀಲರ್ ಗೇಜ್ (ಸಂದಿನ ಅಗಲ ಅಳೆಯುವ ತೆಳು ಪಟ್ಟಿಗಳು) 1.6 ಮಿ.ಮೀ. ಸಡಿಲ ತೋರಿಸಿತು; ಹಿಂಬದಿಯ ದಪ್ಪ ತಟ್ಟೆಯನ್ನು ಬದಲಿಸಿ ಅದನ್ನು 0.9 ಮಿ.ಮೀ.ಗೆ ತಂದೆ. ಆಮೇಲೆ ಶಾಫ್ಟಿನ ರಂಧ್ರಕ್ಕೆ 2ರಿಂದ 3 ಬಾರ್ ಒತ್ತಡದ ಗಾಳಿ ಕೊಟ್ಟಾಗ ಪಿಸ್ಟನ್ ಟಕ್ ಎಂದು ತಟ್ಟೆಗಳನ್ನು ಒತ್ತಿ ಹಿಡಿಯಿತು, ಬುಸುಗುಟ್ಟುವ ಸದ್ದು ಬರಲಿಲ್ಲ. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಧೈರ್ಯ ಕೊಟ್ಟ ಸದ್ದು ಅದು.

ಸನ್ ಶೆಲ್ಲಿನ ಕುತ್ತಿಗೆಯ ಹತ್ತಿರ ಕೂದಲೆಳೆಯಷ್ಟು ಬಿರುಕು ಕಂಡದ್ದರಿಂದ ಗಟ್ಟಿಗೊಳಿಸಿದ ಉಕ್ಕಿನ ಶೆಲ್ ಹಾಕಿದೆ. ಆಯಿಲ್ ಪಂಪಿನೊಳಗಿನ ಅಲಗುಗಳನ್ನು ಹಿಡಿದಿಡುವ ವೇನ್ ಉಂಗುರಗಳನ್ನೂ ಗಟ್ಟಿಯವಕ್ಕೆ ಬದಲಿಸಿದೆ. ಎರಡನೆಯ ಗೇರಿಗಾಗಿ ಡ್ರಮ್ಮನ್ನು ಸುತ್ತಿ ಬಿಗಿಯುವ ಬ್ಯಾಂಡಿಗೆ ಕಾರ್ವೆಟ್ ಸರ್ವೋ ಎಂದೇ ಹೆಸರಾದ, ಹೆಚ್ಚು ವಿಸ್ತಾರವಾದ ಪಿಸ್ಟನ್ ಕೂರಿಸಿದೆ. ಅದೇ ಒತ್ತಡದಲ್ಲಿ ಅದು ಬ್ಯಾಂಡನ್ನು ಇನ್ನಷ್ಟು ಬಲವಾಗಿ ಹಿಡಿಯುತ್ತದೆ. ಆಯಿಲನ್ನು ಬೇಕಾದ ಕಡೆಗೆ ಹರಿಸುವ ವಾಲ್ವ್ ಬಾಡಿಯಲ್ಲಿ, ಟಾರ್ಕ್ ಕನ್ವರ್ಟರನ್ನು (ಎಂಜಿನ್ನಿನ ತಿರುಗುವಿಕೆಯನ್ನು ಆಯಿಲಿನ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಜಾರದಂತೆ ಬಿಗಿಯುವ ಲಾಕಪ್ಪಿನ ರೆಗ್ಯುಲೇಟರ್ ವಾಲ್ವ್ ಓಡಾಡಿ ಓಡಾಡಿ ಅಲ್ಯುಮಿನಿಯಂ ರಂಧ್ರವನ್ನು ಸವೆಸಿತ್ತು. ಹಿಂದೆ ಪಿ1870 ಎಂಬ, ಗೇರ್‌ಬಾಕ್ಸಿನಲ್ಲಿ ಜಾರುವಿಕೆ ಇದೆಯೆನ್ನುವ ದೋಷದ ಕೋಡ್ ಬಂದದ್ದಕ್ಕೆ ಕಾರಣ ಆಗ ತಿಳಿಯಿತು. ರೀಮರ್ ಹಾಕಿ ರಂಧ್ರವನ್ನು ಹಿಗ್ಗಿಸಿ ದೊಡ್ಡ ಅಳತೆಯ ವಾಲ್ವ್ ಕೂರಿಸಿದೆ. ಗೇರ್ ಬದಲಾವಣೆಯನ್ನು ಬಿಗಿಗೊಳಿಸುವ ಶಿಫ್ಟ್ ಕಿಟ್ಟಿನಲ್ಲಿ ವಾಲ್ವ್ ಬಾಡಿಯ ಪ್ಲೇಟಿನ ರಂಧ್ರಗಳಿಗೆ ಸೂಚಿಸಿರುವ ಅಳತೆಗಳಲ್ಲಿ ಚಿಕ್ಕದನ್ನೇ ಕೊರೆದೆ, ಏಕೆಂದರೆ ಕೊರೆದ ರಂಧ್ರವನ್ನು ಮತ್ತೆ ಕಿರಿದು ಮಾಡಲಾಗದು.

ಟಾರ್ಕ್ ಕನ್ವರ್ಟರನ್ನು ಕೂರಿಸುವಾಗ ಅವಸರ ಮಾಡಿದವರು ಹೊಸ ಪಂಪನ್ನು ಕಳೆದುಕೊಳ್ಳುತ್ತಾರೆ. ಅದರೊಳಗೆ ಒಂದು ಲೀಟರಿನಷ್ಟು ಆಯಿಲ್ ತುಂಬಿ, ಎರಡೂ ಕೈಯಲ್ಲಿ ಹಿಡಿದು ತಿರುಗಿಸುತ್ತ ತಳ್ಳಿದಾಗ ಅದು ಇನ್‌ಪುಟ್ ಶಾಫ್ಟ್, ಸ್ಟೇಟರ್ ಆಧಾರ (ಪಂಪಿನಿಂದ ಹೊರಚಾಚಿದ ಸ್ಥಿರ ಕೊಳವೆ) ಮತ್ತು ಪಂಪಿನ ಕಚ್ಚು ಎಂಬ ಮೂರು ಕಡೆಯೂ ಕೂರಬೇಕು. ನನ್ನದು ಎರಡು ಬಾರಿ ಇಳಿದು ನಿಂತಿತು. ನೋಡಲು ಕೂತಂತೆಯೇ ಇತ್ತು, ಆದರೆ ನಾನು ಎಣಿಸಿಕೊಂಡಿದ್ದರಿಂದ ಬಿಡಲಿಲ್ಲ. ಇನ್ನೂ ಕಾಲು ಗಂಟೆ ಅತ್ತಿತ್ತ ತಿರುಗಿಸಿದ ಮೇಲೆ ಮೂರನೆಯ ಬಾರಿ ದಡ್ಡೆಂದು ಒಳಗಿಳಿಯಿತು. ಪೆಟ್ಟಿಗೆಯನ್ನು ಎಂಜಿನ್ನಿಗೆ ಸೇರಿಸಿದ ಮೇಲೂ ಕನ್ವರ್ಟರ್ ಕೈಯಲ್ಲಿ ಸರಾಗವಾಗಿ ತಿರುಗುತ್ತಿತ್ತು, ಎಂಜಿನ್ನಿನ ಹಿಂಬದಿಯ ಫ್ಲೆಕ್ಸ್‌ಪ್ಲೇಟಿಗೆ (ಕನ್ವರ್ಟರನ್ನು ಬೋಲ್ಟು ಹಾಕಿ ಸೇರಿಸುವ ತಟ್ಟೆ) 4 ಮಿ.ಮೀ. ಅಂತರವಿತ್ತು.

ಹಳೆಯ ಕೂಲರ್ ಕೊಳವೆಗಳಲ್ಲಿ ಸುಟ್ಟ ಕ್ಲಚ್ಚಿನ ಪುಡಿ ಉಳಿದಿರುತ್ತದಾದ್ದರಿಂದ ಅವನ್ನು ದ್ರಾವಕದಿಂದ ತೊಳೆದು, ರೇಡಿಯೇಟರಿನ ಕೂಲರ್ ಆದ ಮೇಲೆ ಆಯಿಲ್ ಹಾದುಹೋಗುವಂತೆ ಮುಂದೆ ಇನ್ನೊಂದು ದೊಡ್ಡ ಕೂಲರ್ ಹಾಕಿದೆ, ಗೇರ್‌ಬಾಕ್ಸಿನ ಕೆಳಗೆ ಆಯಿಲ್ ನಿಲ್ಲುವ ಪ್ಯಾನಿಗೆ ಶಾಖಮಾಪಕವನ್ನೂ ಜೋಡಿಸಿದೆ. ಕನ್ವರ್ಟರ್ ಸೇರಿ ಹತ್ತು ಲೀಟರಿಗೂ ಸ್ವಲ್ಪ ಹೆಚ್ಚು ಡೆಕ್ಸ್‌ರಾನ್-6 ಆಯಿಲ್ ಹಿಡಿಯಿತು. ಹಿಂದೆ ಕೈಕೊಟ್ಟಿದ್ದ ಅದೇ ಏರನ್ನು ಅದೇ ಭಾರದೊಡನೆ, ಈ ಸಲ ಓವರ್‌ಡ್ರೈವ್ ಇಲ್ಲದೆ ಹತ್ತಿದಾಗ ಮಾಪಕ 92 ಡಿಗ್ರಿ ಸೆಲ್ಸಿಯಸ್ ದಾಟಲಿಲ್ಲ, ಮೂರನೆಯ ಗೇರ್ ಒಂದೇ ಹಿಡಿತಕ್ಕೆ ಕೂತಿತು.

ಸಾವಿರ ಕಿಲೋಮೀಟರ್ ಓಡಿದ ಮೇಲೆ ಪ್ಯಾನ್ ಬಿಚ್ಚಿ ನೋಡಿದೆ. ಅಯಸ್ಕಾಂತಕ್ಕೆ ಬೂದು ಬಣ್ಣದ ಪೇಸ್ಟ್ ತೆಳ್ಳಗೆ ಅಂಟಿತ್ತು. ಬೆರಳುಗಳ ನಡುವೆ ಉಜ್ಜಿದರೆ ಒಂದು ಕಣವೂ ಚುಚ್ಚಲಿಲ್ಲ. ಹೊಸ ಫಿಲ್ಟರ್ ಹಾಕಿ, ಪ್ಯಾನಿನ ಬೋಲ್ಟುಗಳನ್ನು 11 ನ್ಯೂಟನ್ ಮೀಟರಿಗೆ ಬಿಗಿದು, ಮರುದಿನ ಬೆಳಿಗ್ಗೆ ಮತ್ತೆ ಟ್ರೇಲರಿಗೆ ಕೊಂಡಿ ಹಾಕಿದೆ.